ಮೆಕ್ಸಿಕೋದ ಮನೆಯಡುಗೆ ನಮ್ಮ ಒಲೆಯ ಮೇಲೆ: ಯಾವುದನ್ನು ಕೊಳ್ಳಬೇಕು, ಯಾವುದಕ್ಕೆ ನಮ್ಮ ಸಂತೆಯೇ ಸಾಕು

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ‘ಮೆಕ್ಸಿಕನ್’ ಎಂದು ಬರೆದ ಸಾಲಿನಲ್ಲಿ ಏನಿರುತ್ತದೆ? ಗರಿಗರಿಯಾದ ಟಾಕೋ ಚಿಪ್ಪು, ಹಳದಿ ಚೀಸ್ ಸಾಸ್, ‘ಮೆಕ್ಸಿಕನ್ ಮಸಾಲೆ’ ಎಂಬ ಪೊಟ್ಟಣ, ಒಂದು ಬಾಟಲಿ ಹಲಪೇನ್ಯೋ ಮೆಣಸಿನಕಾಯಿ. ಇವುಗಳಲ್ಲಿ ಹಲಪೇನ್ಯೋ ಉಪ್ಪಿನಕಾಯಿಯೊಂದನ್ನು ಬಿಟ್ಟರೆ ಉಳಿದದ್ದು ಗಡಿಯಾಚೆಯ ಟೆಕ್ಸಾಸ್ ಕಡೆ ಬೆಳೆದ ಅಡುಗೆಗೆ ಸೇರಿದ್ದು. ಆ ಅಡುಗೆಗೂ ಅದರದೇ ರುಚಿಯಿದೆ, ಇಷ್ಟವಾದವರು ಖಂಡಿತ ಮಾಡಿಕೊಳ್ಳಲಿ. ಆದರೆ ಒಹಾಕಾ, ಪುಯೆಬ್ಲಾ, ಮಿಚೋಆಕಾನ್ ಕಡೆಯ ಮನೆಗಳಲ್ಲಿ ದಿನವೂ ಬೇಯುವ ಊಟ ಬೇಕೆಂದು ಹೊರಟವರು ಆ ಸಾಲಿನಲ್ಲಿ ದುಡ್ಡು ಸುರಿದರೆ ಕೈಗೆ ಬರುವುದು ಬೇರೆಯೇ ಊಟ. ನಾನು ಮೊದಲೆರಡು ವರ್ಷ ಹಾಗೇ ಸುರಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2010ರಲ್ಲಿ ಯುನೆಸ್ಕೋ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ಮಾದರಿಯಾಗಿ ತೋರಿಸಿದ್ದು ಮಿಚೋಆಕಾನ್ ಪ್ರಾಂತದ ಅಡುಗೆಯನ್ನು. ಆ ಅಡುಗೆ ನಿಂತಿರುವುದು ಮುಸುಕಿನ ಜೋಳ (ಮುಂದೆ ಬರೀ ಜೋಳ ಎಂದಲ್ಲೆಲ್ಲ ಇದೇ), ಹುರುಳಿಕಾಯಿ ಜಾತಿಯ ಕಾಳು, ಮೆಣಸಿನಕಾಯಿ ಈ ಮೂರರ ಮೇಲೆ. ಜೋಳ, ಕಾಳು, ಕುಂಬಳ ಒಂದೇ ಹೊಲದಲ್ಲಿ ಒಟ್ಟಿಗೆ ಬೆಳೆಯುವ ಪದ್ಧತಿಗೆ ಅಲ್ಲಿ ಮಿಲ್ಪಾ ಎನ್ನುತ್ತಾರೆ. ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂದಿ, ದನ, ಹಾಲು, ಗೋಧಿ ಎಲ್ಲ ಸ್ಪೇನಿನವರ ಜೊತೆ 16ನೇ ಶತಮಾನದಲ್ಲಿ ಬಂದವು. ಹಾಗಾಗಿ ಸಸ್ಯಾಹಾರಿಗಳು ಈ ಅಡುಗೆ ತಮ್ಮದಲ್ಲವೆಂದು ಹಿಂದೆ ಸರಿಯಬೇಕಿಲ್ಲ. ಇದರ ಬೇರೇ ಕಾಳು, ಸೊಪ್ಪು, ಕುಂಬಳ ಹೂವಿನಲ್ಲಿದೆ.

ಹಣವನ್ನೂ ಶ್ರಮವನ್ನೂ ಹಿಟ್ಟಿಗೆ ಮತ್ತು ಒಣ ಮೆಣಸಿನಕಾಯಿಗೆ ಹಾಕಿ. ಮಿಕ್ಕದ್ದನ್ನೆಲ್ಲ ನಮ್ಮ ಅಡುಗೆಮನೆಯಲ್ಲೇ ಹೊಂದಿಸಬಹುದು.

ಹಿಟ್ಟು: ಎಲ್ಲಕ್ಕಿಂತ ಮೊದಲಿನ ತೀರ್ಮಾನ

ತೊರ್ತಿಯಾ ಎಂದರೆ ಮುಸುಕಿನ ಜೋಳದ ರೊಟ್ಟಿ ಎಂದುಕೊಂಡು ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತಂದು ತಟ್ಟಿದವರಿಗೆ ಮುಂದಿನ ಕಥೆ ಗೊತ್ತು. ರೊಟ್ಟಿಯೇನೋ ಬರುತ್ತದೆ, ರುಚಿಯೂ ಇರುತ್ತದೆ. ಮಡಚಿದ ತಕ್ಷಣ ಎರಡು ತುಂಡಾಗುತ್ತದೆ. ನಿಮ್ಮ ಕೈಯಲ್ಲಿ ತಪ್ಪೇನಿಲ್ಲ, ಆ ಹಿಟ್ಟು ಸುಣ್ಣ ಕಂಡಿಲ್ಲ, ಅಷ್ಟೆ.

ಮೆಕ್ಸಿಕೋದಲ್ಲಿ ಒಣ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಟ್ಟು, ಬೆಳಿಗ್ಗೆ ತೊಳೆದು, ಹಸಿಯಾಗಿಯೇ ಅರೆಯುತ್ತಾರೆ. ಹೀಗೆ ಬೆಂದ ಜೋಳಕ್ಕೆ ನಿಷ್ತಮಾಲ್ ಎಂದು ಹೆಸರು. ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯ ಬೂದಿ ಮತ್ತು ಜೋಳದ ಹಿಟ್ಟು ಎಂಬ ಎರಡು ಪದಗಳು ಕೂಡಿ ಆದ ಹೆಸರದು. ಅರೆದ ಹಿಟ್ಟಿಗೆ ಮಾಸಾ ಎನ್ನುತ್ತಾರೆ. ಸುಣ್ಣ ಕಾಳಿನ ಹೊರಸಿಪ್ಪೆಯನ್ನು ಕರಗಿಸುತ್ತದೆ, ಹಿಟ್ಟಿಗೆ ಅಂಟು ಕೊಡುತ್ತದೆ, ತೊರ್ತಿಯಾದ ಆ ವಿಶೇಷ ಘಮವನ್ನೂ ಕೊಡುತ್ತದೆ. ಇನ್ನೂ ದೊಡ್ಡ ಉಪಕಾರ ಒಂದಿದೆ. ಜೋಳದಲ್ಲಿರುವ ನಯಾಸಿನ್ ಎಂಬ ಬಿ ಜೀವಸತ್ವ ನಮ್ಮ ದೇಹಕ್ಕೆ ದಕ್ಕದ ರೂಪದಲ್ಲಿ ಕಟ್ಟಿಕೊಂಡಿರುತ್ತದೆ, ಸುಣ್ಣ ಆ ಕಟ್ಟು ಬಿಚ್ಚುತ್ತದೆ. ಯುರೋಪಿನವರು ಜೋಳವನ್ನು ಮಾತ್ರ ಹಡಗಿಗೆ ಏರಿಸಿದರು, ಸುಣ್ಣದ ವಿದ್ಯೆಯನ್ನು ಅಲ್ಲೇ ಬಿಟ್ಟರು. ಜೋಳವನ್ನೇ ನೆಚ್ಚಿದ ಬಡವರಿಗೆ ಚರ್ಮ ಸುಲಿದು, ಬುದ್ಧಿ ಕದಡಿ, ಸಾವು ತರುವ ಪೆಲಾಗ್ರಾ ಕಾಯಿಲೆ ಬಂತು. 1735ರಲ್ಲಿ ಸ್ಪೇನಿನ ಆಸ್ತುರಿಯಾಸ್ ಸೀಮೆಯಲ್ಲಿ ವೈದ್ಯ ಗಾಸ್ಪಾರ್ ಕಸಾಲ್ ಅದನ್ನು ಗುರುತಿಸಿದ. ಇಟಲಿಯಲ್ಲೂ ಅಮೆರಿಕದ ದಕ್ಷಿಣದಲ್ಲೂ ಅದು ಸಾವಿರಾರು ಜೀವ ತೆಗೆಯಿತು. ಜೋಳವೇ ಪ್ರಾಣವಾಗಿದ್ದ ಮೆಕ್ಸಿಕೋದ ಹಳ್ಳಿಗಳನ್ನು ಕಾದದ್ದು ಹೆಂಗಸರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಆ ಸುಣ್ಣದ ಪಾತ್ರೆ. ಆ ಪಾತ್ರೆಯ ಮೇಲೆ ನನಗೆ ಭಕ್ತಿಯಂಥದ್ದೇ ಒಂದು ಭಾವವಿದೆ.

ಈಗ ಆಯ್ಕೆಗೆ ಬರೋಣ. ಮಾಸಾ ಹರೀನಾ ಎಂದರೆ ಸುಣ್ಣದಲ್ಲಿ ಬೇಯಿಸಿ, ಅರೆದು, ಒಣಗಿಸಿ ಪುಡಿ ಮಾಡಿದ ಹಿಟ್ಟು. ಮೆಕ್ಸಿಕೋದ ನಗರಗಳಲ್ಲಿ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಇದೇ ನಡೆಯುತ್ತದೆ. ಅಲ್ಲಿ ಹೆಸರುವಾಸಿಯಾದ ಮಾಸೆಕಾ ಹಿಟ್ಟಿನ ಕಂಪನಿ 1949ರಲ್ಲೇ ಶುರುವಾಯಿತು. ಆಮದು ಸಾಮಾನು ಮಾರುವ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಹುಡುಕಿದರೆ ಸಿಗುತ್ತದೆ. ಬೆಲೆ ನಮ್ಮ ಜೋಳದ ಹಿಟ್ಟಿಗಿಂತ ಎಷ್ಟೋ ಪಟ್ಟು ಹೆಚ್ಚು, ಆದರೂ ಮೊದಲ ಸಲ ಮಾಡುವವರು ಇದನ್ನೇ ಕೊಳ್ಳಬೇಕು ಎಂಬುದು ನನ್ನ ಖಚಿತ ಮಾತು. ಎರಡು ಲೋಟ ಹಿಟ್ಟಿಗೆ ಒಂದೂವರೆ ಲೋಟ ಬೆಚ್ಚಗಿನ ನೀರು, ಚಿಟಿಕೆ ಉಪ್ಪು ಹಾಕಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಚಿಕ್ಕ ಉಂಡೆ ಒತ್ತಿ ನೋಡಿ: ಅಂಚು ಬಿರಿದರೆ ನೀರು ಬೇಕು, ಕೈಗೆ ಮೆತ್ತಿದರೆ ಹಿಟ್ಟು ಬೇಕು. ನಮ್ಮ ಬಿಳಿಜೋಳದ ರೊಟ್ಟಿಯ ಹದ ಬಲ್ಲವರಿಗೆ ಎರಡನೆಯ ಪ್ರಯತ್ನಕ್ಕೇ ಇದು ಒಲಿಯುತ್ತದೆ.

ಕೊಳ್ಳುವಾಗ ಎರಡು ಪೊಟ್ಟಣಗಳಿಗೆ ಮೋಸಹೋಗಬೇಡಿ. ನಮ್ಮಲ್ಲಿ ಕಾರ್ನ್ ಫ್ಲೋರ್ ಎಂದು ಮಾರುವ ಬಿಳಿ ಪುಡಿ ಬರೀ ಪಿಷ್ಟ, ಗೋಬಿ ಮಂಚೂರಿಗೆ ಹಾಕುವಂಥದ್ದು. ಇನ್ನೊಂದು, ವೆನೆಜುವೆಲಾ, ಕೊಲಂಬಿಯಾ ಕಡೆಯ ಆರೆಪಾ ಹಿಟ್ಟು. ಅದೂ ಮೊದಲೇ ಬೇಯಿಸಿದ ಜೋಳದ ಹಿಟ್ಟೇ, ಆದರೆ ಸುಣ್ಣ ಇಲ್ಲ.

ಮನೆಯಲ್ಲೇ ನಿಷ್ತಮಾಲ್ ಮಾಡುವುದು ಎರಡನೆಯ ದಾರಿ. ಹಾವೇರಿ, ದಾವಣಗೆರೆ ಕಡೆ ಗೋವಿನಜೋಳಕ್ಕೆ ಕೊರತೆಯೆಲ್ಲಿದೆ? ಆದರೆ ಕಾಳು ನೋಡಿ ಕೊಳ್ಳಬೇಕು. ಬಿತ್ತನೆ ಬೀಜಕ್ಕೆ ಔಷಧ ಲೇಪಿಸಿ ಬಣ್ಣ ಕಟ್ಟಿರುತ್ತಾರೆ, ಅದನ್ನು ಅಡುಗೆಮನೆಗೆ ತರಲೇಬಾರದು. ಕೋಳಿಗೆ, ದನಕ್ಕೆ ಎಂದು ಮಾರುವ ಕಾಳಿನಲ್ಲಿ ಬೂಷ್ಟು ಹಿಡಿದದ್ದು ಸೇರಿರಬಹುದು. ತಿನ್ನಲೆಂದೇ ಒಣಗಿಸಿ ಆರಿಸಿದ ಕಾಳೇ ಆಗಬೇಕು. ಸ್ವೀಟ್ ಕಾರ್ನ್, ಪಾಪ್‌ಕಾರ್ನ್ ಎರಡೂ ಇದಕ್ಕೆ ಒಗ್ಗುವುದಿಲ್ಲ. ಒಂದು ಕಿಲೋ ಕಾಳಿಗೆ ಸುಮಾರು 10 ಗ್ರಾಂ ತಿನ್ನುವ ಸುಣ್ಣದ ಪುಡಿ, ಮೂರು ಲೀಟರ್ ನೀರು. ವೀಳ್ಯದೆಲೆಗೆ ಹಚ್ಚುವ ಸುಣ್ಣವೂ ಇದೇ ವಸ್ತು, ಬಣ್ಣ ಪರಿಮಳ ಸೇರಿಸದ ಶುದ್ಧ ಬಿಳಿ ಸುಣ್ಣ ಸಿಕ್ಕರೆ ನಡೆಯುತ್ತದೆ. ಅದರಲ್ಲಿ ನೀರಿನಂಶ ಇರುವುದರಿಂದ ಅಳತೆ ಸ್ವಲ್ಪ ಹೆಚ್ಚಿಸಬೇಕು. ಗೋಡೆಗೆ ಬಳಿಯುವ ಸುಣ್ಣ ಬೇಡವೇ ಬೇಡ. ಪಾತ್ರೆ ಸ್ಟೀಲಿನದಾಗಿರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ.

ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೆಂದ ಮೇಲೆ ಒಂದು ಕಾಳನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಸಿಪ್ಪೆ ಜಾರಬೇಕು, ನಡುವೆ ಇನ್ನೂ ತುಸು ಗಟ್ಟಿ ಉಳಿದಿರಬೇಕು. ನಮ್ಮ ಹಳದಿ ಜೋಳ ಗಡಸು, ಹಾಗಾಗಿ ಇನ್ನಷ್ಟು ಹೊತ್ತು ಬೇಕಾಗುವುದೂ ಉಂಟು. ಒಲೆ ಆರಿಸಿ, ಮುಚ್ಚಿ, ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಎರಡು ಮೂರು ನೀರಿನಲ್ಲಿ ಉಜ್ಜಿ ತೊಳೆಯಿರಿ. ಕಷ್ಟ ಶುರುವಾಗುವುದು ಆಮೇಲೆ. ಮಿಕ್ಸಿಯಲ್ಲಿ ಇದು ನುಣ್ಣಗೆ ಆಗುವುದಿಲ್ಲ, ನೀರು ಹೆಚ್ಚಿಸಿದರೆ ದೋಸೆ ಹಿಟ್ಟಾಗುತ್ತದೆ. ಇಡ್ಲಿ ರುಬ್ಬುವ ವೆಟ್ ಗ್ರೈಂಡರ್ ಇದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ, ನೀರು ಚಿಮುಕಿಸುತ್ತಾ ರುಬ್ಬಿ. ಆದರೂ ಹಿಟ್ಟು ಸಡಿಲವಾಗಿಯೇ ಬರುತ್ತದೆ. ನಾನು ಕೊನೆಗೆ ಒಂದೆರಡು ಹಿಡಿ ಮಾಸಾ ಹರೀನಾ ಬೆರೆಸಿ ಗಟ್ಟಿ ಮಾಡಿಕೊಳ್ಳುತ್ತೇನೆ. ಈ ಬೆರಕೆಯಲ್ಲಿ ಹೊಸ ಜೋಳದ ಘಮವೂ ಉಳಿಯುತ್ತದೆ, ತಟ್ಟಲೂ ಬರುತ್ತದೆ. ವಾರದ ದಿನಗಳಲ್ಲಿ ಪೊಟ್ಟಣದ ಹಿಟ್ಟು, ಭಾನುವಾರ ಜನ ಬಂದಾಗ ನಿಷ್ತಮಾಲ್ ಎಂಬುದು ನಮ್ಮನೆಯ ಪದ್ಧತಿ.

ಗೋಧಿಯ ತೊರ್ತಿಯಾ? ಅದು ಉತ್ತರ ಮೆಕ್ಸಿಕೋದ್ದು. ಸೊನೋರಾ, ಚಿವಾವಾ ಕಡೆ ಅದೇ ಮನೆಯೂಟ, ಅಸಲಿ ಅಲ್ಲವೆಂದು ಯಾರೂ ಹೇಳುವಂತಿಲ್ಲ. ಮೈದಾದಂಥ ಹಿಟ್ಟಿಗೆ ಕೊಬ್ಬು ಹಾಕಿ ಮಾಡುತ್ತಾರೆ, ಹಾಗಾಗಿ ನಮ್ಮ ಚಪಾತಿಗಿಂತ ಮೆದು. ಹುರಿದ ತರಕಾರಿ, ಕಾಳು ಸುತ್ತಿ ತಿನ್ನಲು ತೆಳ್ಳಗೆ ಲಟ್ಟಿಸಿದ ಚಪಾತಿಯೂ ಆಗುತ್ತದೆ. ಆದರೆ ಎಂಚಿಲಾದಾಗಳಿಗೆ, ಅಂದರೆ ಮೆಣಸಿನ ಸಾರದಲ್ಲಿ ಅದ್ದಿ ಮಾಡುವ ಬಗೆಗಳಿಗೆ, ಜೋಳದ್ದೇ ಬೇಕು. ಗೋಧಿಯದು ಸಾರು ಕುಡಿದು ಮುದ್ದೆಯಾಗುತ್ತದೆ.

ಒಣ ಮೆಣಸಿನಕಾಯಿ: ಬ್ಯಾಡಗಿ ಎಲ್ಲಿಯವರೆಗೆ ಸಾಲುತ್ತದೆ

ಮೆಣಸಿನಕಾಯಿಯ ತವರೇ ಮೆಕ್ಸಿಕೋ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದು, ಕಾಲಾಂತರದಲ್ಲಿ ಬ್ಯಾಡಗಿಯ ಮಣ್ಣಿನಲ್ಲಿ ತನ್ನದೇ ಬಣ್ಣ ಪಡೆದು, 2011ರಲ್ಲಿ ಭೌಗೋಳಿಕ ಗುರುತನ್ನೂ ಪಡೆಯಿತು. ನೆಂಟಸ್ತನ ಇಷ್ಟು ಹತ್ತಿರದ್ದಾದರೂ ಎರಡು ಕಡೆಯ ಅಡುಗೆಯಲ್ಲಿ ಮೆಣಸಿನಕಾಯಿ ಮಾಡುವ ಕೆಲಸ ಬೇರೆ. ನಮ್ಮ ಸಾರಿನಲ್ಲಿ ಅದರ ಜೊತೆ ಕೊತ್ತಂಬರಿ ಬೀಜ, ಮೆಂತ್ಯ, ಇಂಗು, ಬೇಳೆ, ಹುಣಸೆ ಎಲ್ಲ ಕೂಡಿ ದುಡಿಯುತ್ತವೆ. ಅಲ್ಲಿ ನಾಲ್ಕು ಜನರ ಅಡುಗೆಗೆ ಎಂಟು ಹತ್ತು ಕಾಯಿ ನೆನೆಸಿ ಅರೆದರೆ ಆ ತಿರುಳೇ ಗೊಜ್ಜು. ಗಟ್ಟಿತನ ಅದರದೇ, ಬಣ್ಣ ಅದರದೇ, ಸಿಹಿ ಕಹಿ ಹುಳಿಯೂ ಅದರದೇ. ಹಾಗಾಗಿ ಯಾವ ಕಾಯಿ ಎಂಬುದು ಅಲ್ಲಿ ಖಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ, ರುಚಿಯ ಪ್ರಶ್ನೆಯಾಗುತ್ತದೆ.

ದಿನಬಳಕೆಯ ಕಾಯಿ ಗ್ವಾಹೀಯೋ. ನಯವಾದ ಸಿಪ್ಪೆ, ಕಡುಗೆಂಪು ಬಣ್ಣ, ಹದವಾದ ಖಾರ, ಹಿಂದೆ ಸಣ್ಣ ಹುಳಿ. ಇದರ ಜಾಗದಲ್ಲಿ ಬ್ಯಾಡಗಿಯನ್ನು ಧೈರ್ಯವಾಗಿ ಹಾಕಿ. ಬಣ್ಣ ಸರಿಸಮಾನವಾಗಿ ಬರುತ್ತದೆ, ಖಾರವೂ ಹೊಂದುತ್ತದೆ. ಕೊನೆಯಲ್ಲಿ ನಾಲ್ಕು ಹನಿ ವಿನೆಗರ್ ಹಾಕಿದರೆ ಹುಳಿಯ ಕೊರತೆಯೂ ತುಂಬುತ್ತದೆ. ಖಾರಕ್ಕೆಂದೇ ಬಳಸುವ ಆರ್ಬೋಲ್ ಕಾಯಿಗೆ ಗುಂಟೂರು ಸಾಕು, ಅದಕ್ಕಾಗಿ ದುಡ್ಡು ಕೊಡಬೇಡಿ.

ಆಂಚೋ ವಿಷಯದಲ್ಲಿ ಮಾತ್ರ ನಮ್ಮ ಸಂತೆ ಕೈಕೊಡುತ್ತದೆ. ಪೊಬ್ಲಾನೋ ಎಂಬ ದಪ್ಪ ಕಾಯಿ ಹಣ್ಣಾಗಿ ಒಣಗಿದರೆ ಆಂಚೋ. ಅಂಗೈ ಅಗಲ, ಸುಕ್ಕುಸುಕ್ಕು, ಕಪ್ಪು ಛಾಯೆಯ ಕೆಂಪು. ಮೂಸಿದರೆ ಒಣದ್ರಾಕ್ಷಿಯ ನೆನಪು. ಖಾರ ಬ್ಯಾಡಗಿಗಿಂತಲೂ ಕಡಿಮೆ. ಬ್ಯಾಡಗಿಯ ಜೊತೆ ನಾಲ್ಕು ಒಣದ್ರಾಕ್ಷಿ ಅರೆದು ಹಾಕಿ ನೋಡಿದ್ದೇನೆ. ಸಿಹಿ ಬರುತ್ತದೆ, ಆ ಆಳ ಬರುವುದಿಲ್ಲ. ಮೋಲೆ ಎಂಬ ಗಟ್ಟಿ ಮೆಣಸಿನ ಗೊಜ್ಜು ಮಾಡುವ ಮನಸ್ಸಿದ್ದರೆ ಆಂಚೋ ಕೊಂಡೇ ತರಬೇಕು. ಹಾಗೆಯೇ ಚಿಪೋತ್ಲೆ, ಅಂದರೆ ಹಣ್ಣಾದ ಹಲಪೇನ್ಯೋವನ್ನು ಹೊಗೆಯಲ್ಲಿ ಒಣಗಿಸಿದ್ದು. ಆ ಹೊಗೆಯ ವಾಸನೆಯನ್ನು ಮನೆಯ ಗ್ಯಾಸ್ ಒಲೆ ಕೊಡಲಾರದು. ಸಾಸಿನಲ್ಲಿ ನೆನೆಸಿಟ್ಟ ಡಬ್ಬಿಯದೇ ಕೊಳ್ಳಿ, ಒಂದು ಡಬ್ಬಿ ಫ್ರಿಜ್‌ನಲ್ಲಿ ಎಷ್ಟೋ ದಿನ ಬರುತ್ತದೆ. ಕೈಯಲ್ಲಿ ಇನ್ನೂ ಹಣವಿದ್ದರೆ ಕಪ್ಪನೆಯ ಪಸೀಯಾ. ಇಲ್ಲದಿದ್ದರೂ ಊಟ ನಿಲ್ಲುವುದಿಲ್ಲ.

ಹುರಿಯುವ ರೀತಿ ಬದಲಾಯಿಸಿಕೊಳ್ಳಿ. ಸಾರಿನ ಪುಡಿಗೆ ನಾವು ಗರಿಗರಿಯಾಗುವವರೆಗೆ ಹುರಿಯುತ್ತೇವೆ. ಇಲ್ಲಿ ತೊಟ್ಟು, ಬೀಜ ತೆಗೆದ ಕಾಯಿಯನ್ನು ಕಾದ ಹಂಚಿನ ಮೇಲೆ ಒತ್ತಿ, ಘಮ ಎದ್ದ ಕೂಡಲೇ ತಿರುವಿ ತೆಗೆಯಬೇಕು. ಒಂದೊಂದು ಬದಿಗೆ ಕೆಲವೇ ಸೆಕೆಂಡು. ಒಂದು ಕಾಯಿ ಸೀದರೂ ಇಡೀ ಗೊಜ್ಜು ಕಹಿ. ಬಿಸಿನೀರಿನಲ್ಲಿ 15–20 ನಿಮಿಷ ನೆನೆಸಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಜೊತೆ ಅರೆದು, ಸೋಸಿ, ಕಾದ ಎಣ್ಣೆಗೆ ಸುರಿದು ಬಣ್ಣ ಗಾಢವಾಗುವವರೆಗೆ ಬಾಡಿಸಿ. ಈ ಕೊನೆಯ ಹಂತವನ್ನು ಬಿಟ್ಟರೆ ಹಸಿ ವಾಸನೆ ಹೋಗುವುದಿಲ್ಲ.

ಜೀರಿಗೆ ಇದೆ, ಆದರೆ ಚಿಟಿಕೆಯಷ್ಟು. ಪೊಟ್ಟಣದ ಮಸಾಲೆಯಲ್ಲಿ ಅದೇ ಮೇಲುಗೈ, ಅದಕ್ಕೇ ಅದು ಬೇಡ. ಒರೆಗಾನೋ ಎಂದರೆ ಪಿಜ್ಜಾ ಜೊತೆ ಬರುವುದಲ್ಲ. ಮೆಕ್ಸಿಕೋದ ಒರೆಗಾನೋ ಬೇರೆ ಕುಟುಂಬದ ಗಿಡ, ಘಾಟು ಹೆಚ್ಚು. ಸಿಗದಿದ್ದರೆ ಹಿತ್ತಲಿನ ದೊಡ್ಡಪತ್ರೆಯ ಅರ್ಧ ಎಲೆ ಹಾಕಿ ನೋಡಿ. ಕೆರಿಬಿಯನ್‌ನ ಕೆಲವು ದ್ವೀಪಗಳಲ್ಲಿ ಆ ಎಲೆಯನ್ನು ಒರೆಗಾನೋ ಎಂದೇ ಕರೆಯುವುದು.

ನಮ್ಮ ಅಡುಗೆಮನೆಯಲ್ಲೇ ಇರುವವು

ಹಸಿರು ಸಾಲ್ಸಾಗೆ, ಅಂದರೆ ಅವರ ಚಟ್ನಿಗೆ, ತೊಮಾತಿಯೋ ಬೇಕು, ಕಾಗದದಂಥ ಹೊದಿಕೆಯೊಳಗೆ ಬೆಳೆಯುವ ಹುಳಿ ಕಾಯಿ. ಡಬ್ಬಿಯಲ್ಲಿ ಬರುವುದು ದುಬಾರಿ. ಗಟ್ಟಿ ಹಸಿರು ಟೊಮೆಟೊ ಸುಟ್ಟು, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ನಿಂಬೆರಸ ಹಾಕಿ ಅರೆದರೆ ನನಗೆ ತೃಪ್ತಿ. ಬೆಣ್ಣೆಹಣ್ಣು ಕೊಡಗಿನದೇ ಸಾಕು.

ಚೀಸ್ ವಿಷಯ ಇನ್ನೂ ಸುಲಭ. ಕೇಸೋ ಫ್ರೆಸ್ಕೋ ಎಂಬ ಪುಡಿಪುಡಿಯಾಗುವ ಬಿಳಿ ಚೀಸಿಗೆ ಮನೆಯಲ್ಲಿ ಒಡೆಸಿದ ಪನೀರಿಗೆ ಉಪ್ಪು ಬೆರೆಸಿ ಉದುರಿಸಿ. ಎರಡೂ ಕಾವಿಗೆ ಕರಗುವುದಿಲ್ಲ. ಒಹಾಕಾದ ನೂಲಿನಂಥ ಚೀಸಿಗೆ ಮೊಝರೆಲ್ಲಾ. ಕುಂಬಳ ಹೂವು ಬಾಡಿಸಿ ಆ ಚೀಸಿನ ಜೊತೆ ತೊರ್ತಿಯಾ ಮಡಚಿ ಬೇಯಿಸಿದರೆ ಮೆಕ್ಸಿಕೋ ನಗರದ ಬೀದಿಬದಿಯ ಕೇಸಾದಿಯಾ. ಹಳದಿ ಚೆಡ್ಡರ್ ಈ ಅಡುಗೆಗೆ ಸೇರಿದ್ದಲ್ಲ.

ಕಾಳು: ದಕ್ಷಿಣದಲ್ಲಿ, ವೆರಾಕ್ರೂಸ್, ಒಹಾಕಾ, ಯುಕತಾನ್ ಕಡೆ ಕಪ್ಪು ಕಾಳು. ಉತ್ತರದಲ್ಲಿ ಕಂದು ಮಚ್ಚೆಯ ಪಿಂಟೋ. ನಮ್ಮ ರಾಜ್ಮಾ ಕೂಡ ಇದೇ ಜಾತಿಯ ಗಿಡದ್ದು. ದೊಡ್ಡ ಕೆಂಪು ರಾಜ್ಮಾಕ್ಕಿಂತ ಚಿಕ್ಕ ಕಾಳಿನದು ಚೆನ್ನಾಗಿ ಮೆದುವಾಗುತ್ತದೆ. ಈರುಳ್ಳಿ, ಎಣ್ಣೆ, ಉಪ್ಪು ಇಷ್ಟರಲ್ಲೇ ಬೇಯಿಸಿ. ಅಲ್ಲಿ ಎಪಸೋತೆ ಎಂಬ ಸೊಪ್ಪು ಹಾಕುತ್ತಾರೆ, ಸಿಗದಿದ್ದರೆ ಬಿಡಿ. ಬದಲಿಗೆ ಗರಂ ಮಸಾಲೆ ಹಾಕುವ ಆಸೆಯನ್ನು ದಯವಿಟ್ಟು ತಡೆಯಿರಿ. ರಾಜ್ಮಾ ಅರೆಬೆಂದರೆ ಹೊಟ್ಟೆ ಕೆಡಿಸುತ್ತದೆ, ಆದ್ದರಿಂದ ಕುಕ್ಕರಿನಲ್ಲಿ ಪೂರ್ತಿ ಬೆಂದದ್ದು ಖಚಿತವಾಗಲಿ. ಡಬ್ಬಿಯ ಕಾಳಿನಲ್ಲಿ ಕಟ್ಟು ಸಿಗುವುದಿಲ್ಲ, ಈ ಅಡುಗೆಯ ಅರ್ಧ ರುಚಿ ಕಟ್ಟಿನಲ್ಲೇ ಇದೆ.

ಸಲಕರಣೆಗೆ ಖರ್ಚು ಬೇಡ. ಅವರ ಕೊಮಾಲ್ ಅಂದರೆ ನಮ್ಮ ಕಬ್ಬಿಣದ ಹಂಚು. ಮೂರು ಕಾಲಿನ ಮೊಲ್ಕಹೇತೆ ನಮ್ಮ ಕುಟ್ಟುಗಲ್ಲಿನ ನೆಂಟ. ಜೋಳ ಅರೆಯುವ ಮೆತಾತೆಯಂತೂ ಅಜ್ಜಿಯ ಅರೆಯುವ ಕಲ್ಲಿನ ಅಕ್ಕ. ಮನೆಯ ಮೂಲೆಯಲ್ಲಿ ಕಲ್ಲು ಬಿದ್ದಿದ್ದರೆ ತೊಳೆದು ತೆಗೆಯಿರಿ, ಸಾಲ್ಸಾದ ತರಿ ಮಿಕ್ಸಿಯಲ್ಲಿ ಬರುವುದಿಲ್ಲ. ತೊರ್ತಿಯಾ ಒತ್ತುವ ಮಣೆ ಇದ್ದರೆ ವೇಗ ಹೆಚ್ಚುತ್ತದೆ. ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ 30 ಗ್ರಾಂ ಉಂಡೆ ಇಟ್ಟು ಸಮತಳದ ಭಾರದ ಪಾತ್ರೆಯಿಂದ ಒತ್ತಿ. ಲಟ್ಟಣಿಗೆ ಬೇಡ, ಅಂಚು ಹರಿಯುತ್ತದೆ. ಕಾದ ಹಂಚಿನ ಮೇಲೆ ಮೊದಲ ಬದಿ 20 ಸೆಕೆಂಡು, ತಿರುವಿ ಮುಕ್ಕಾಲು ನಿಮಿಷ, ಮತ್ತೆ ತಿರುವಿದಾಗ ಉಬ್ಬಬೇಕು. ಬೆಂದದ್ದನ್ನು ಒಂದರ ಮೇಲೊಂದು ಬಟ್ಟೆಯಲ್ಲಿ ಸುತ್ತಿಡಿ. ಆ ಹಬೆಯಲ್ಲೇ ಅದು ಮೆದುವಾಗುವುದು, ಹಂಚಿನಿಂದ ಇಳಿದ ಕೂಡಲೇ ತಿಂದವರು ಗಡುಸಾಗಿದೆ ಎಂದು ದೂರುತ್ತಾರೆ.

ಮೊದಲು ಯಾವುದನ್ನು ಮಾಡುವುದು

ಉತ್ಸಾಹದಲ್ಲಿ ಎಲ್ಲರೂ ಮೋಲೆಗೇ ಕೈ ಹಾಕುತ್ತಾರೆ. ಪುಯೆಬ್ಲಾದ ಮೋಲೆಗೆ ಇಪ್ಪತ್ತಕ್ಕೂ ಹೆಚ್ಚು ಸಾಮಾನು ಬೇಕು. ಮೂರು ಬಗೆಯ ಕಾಯಿ, ಎಳ್ಳು, ಬಾದಾಮಿ, ಕಡಲೆಕಾಯಿ, ಒಣದ್ರಾಕ್ಷಿ, ಚಕ್ಕೆ, ಚಾಕೊಲೇಟು, ಒಂದೊಂದನ್ನೂ ಬೇರೆಬೇರೆ ಹುರಿಯಬೇಕು. ಅಲ್ಲೂ ಅದು ಮದುವೆ, ಹಬ್ಬದ ಅಡುಗೆ. ಎಷ್ಟೋ ಮನೆಯವರು ಸಂತೆಯಿಂದ ಅರೆದ ಮುದ್ದೆ ತಂದು ಸಾರಿನಲ್ಲಿ ಕದಡಿಕೊಳ್ಳುತ್ತಾರೆ. ನೀವೂ ಮೊದಲು ಹಾಗೆ ಮಾಡಿ ರುಚಿಯ ಗುರುತು ಹಿಡಿಯಿರಿ, ಆಮೇಲೆ ಸ್ವಂತಕ್ಕೆ ಅರೆಯಿರಿ.

ತಮಾಲೆ, ಅಂದರೆ ಮಾಸಾವನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು, ನಮಗೆ ಸಲೀಸು. ಜೋಳದ ರವುದಿಯಲ್ಲಿ ಸುತ್ತುವುದೋ ಬಾಳೆ ಎಲೆಯಲ್ಲೋ ಎಂದು ಕೇಳುತ್ತಾರೆ. ಮಧ್ಯ ಮೆಕ್ಸಿಕೋದ್ದು ರವುದಿ, ಒಹಾಕಾ, ಯುಕತಾನ್ ಕಡೆ ಬಾಳೆ ಎಲೆ. ಎಲೆ ಬಾಡಿಸಿ ಕಡುಬು ಕಟ್ಟಿ ಅಭ್ಯಾಸವಿರುವ ಕೈಗೆ ಬಾಳೆ ಎಲೆಯೇ ಸರಿ, ಎಲೆಯ ಪರಿಮಳವೂ ಹಿಟ್ಟಿಗೆ ಇಳಿಯುತ್ತದೆ. ಹಂದಿ ಕೊಬ್ಬಿನ ಬದಲು ಬೆಣ್ಣೆ ಹಾಕಿ ಚೆನ್ನಾಗಿ ನಾದಿ, ಚಿಕ್ಕ ಉಂಡೆ ತಣ್ಣೀರಿನಲ್ಲಿ ತೇಲಿದರೆ ಹದ ಬಂತು. ಅಲ್ಲಿ ಫೆಬ್ರವರಿ 2ರ ಹಬ್ಬಕ್ಕೆ ಮನೆಮಂದಿಯೆಲ್ಲ ಕೂತು ತಮಾಲೆ ತಿನ್ನುತ್ತಾರೆ. ಒಬ್ಬರೇ ಕೂತು ಮಾಡುವ ಅಡುಗೆಯಲ್ಲ, ನಾಲ್ಕು ಕೈ ಸೇರಿದ ದಿನಕ್ಕೆ ಇಟ್ಟುಕೊಳ್ಳಿ.

ಹಾಗಾದರೆ ಮೊದಲ ದಿನಕ್ಕೆ? ಬಿಸಿ ತೊರ್ತಿಯಾ, ಒಂದು ಪಾತ್ರೆ ಕಾಳು, ಕಲ್ಲಿನಲ್ಲಿ ಅರೆದ ಸುಟ್ಟ ಟೊಮೆಟೊ ಸಾಲ್ಸಾ. ತೊರ್ತಿಯಾ ಬೇಕೆಂದೇ ಹತ್ತು ಹೆಚ್ಚು ಮಾಡಿ. ಮರುದಿನ ಬೆಳಿಗ್ಗೆ ಅವು ಬಿರುಸಾಗಿರುತ್ತವೆ. ತ್ರಿಕೋನಾಕಾರಕ್ಕೆ ಕತ್ತರಿಸಿ ಕರಿದು, ಬ್ಯಾಡಗಿಯ ಬಿಸಿ ಗೊಜ್ಜಿನಲ್ಲಿ ಒಂದೇ ನಿಮಿಷ ಹೊರಳಿಸಿ, ಮೇಲೆ ಪನೀರು, ಹಸಿ ಈರುಳ್ಳಿ ಉದುರಿಸಿ. ಅದು ಚಿಲಾಕೀಲೆಸ್, ಮೆಕ್ಸಿಕೋದ ಬೆಳಗಿನ ತಿಂಡಿ. ಮೆತ್ತಗಾಗುವ ಮುಂಚೆ ತಟ್ಟೆಗೆ ಹಾಕಿ, ಕರೆದವರು ತಡಮಾಡದೆ ಬಂದು ಕೂರಲಿ.